ಪುಟ್ಟಿಗೆ: ಕ್ರಾಬಿಯ ಮರಳ ದಾರಿ ಮತ್ತು ಅಕ್ಕನ ಮಂಡಿ

ಪುಟ್ಟೀ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ ಮಾರಾಯ್ತಿ. ದಸರಾ ರಜೆಗೆ ಥೈಲ್ಯಾಂಡಿನ ಕ್ರಾಬಿಗೆ ಟಿಕೆಟ್ ಆಗಿದೆ, ಅಮ್ಮನಿಗೆ, ಅಂದರೆ ನನ್ನ ಅಕ್ಕನಿಗೆ, ಮಂಡಿ ನೋವು, ಮಕ್ಕಳಿಬ್ಬರೂ ನೀರು ಕಂಡರೆ ನಿಲ್ಲುವುದಿಲ್ಲ, ದೋಣಿ ಹತ್ತಿಸಬಹುದಾ, ಸಮುದ್ರ ಹೇಗಿರುತ್ತೆ, ಭಯ ಆಗುತ್ತಿದೆ ಅಂತ ಕೇಳಿದ್ದೀಯ. ಕನ್ನಡಕ ಎಲ್ಲೋ ಇಟ್ಟಿದ್ದೇನೆ. ಅದಕ್ಕೆ ಮೈಕ್ ಒತ್ತಿಕೊಂಡು ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ. ತಪ್ಪು ಬಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ಉದ್ದ ಆಗುತ್ತೆ, ಮೊದಲೇ ಹೇಳಿದ್ದೇನೆ.

ಹೋಗಿ, ಬೇಡ ಅನ್ನುವುದಿಲ್ಲ. ನೀವೆಲ್ಲ ಫುಕೆಟ್ ಫುಕೆಟ್ ಅಂತೀರಿ, ನನಗೆ ಕ್ರಾಬಿಯೇ ಇಷ್ಟ. ಸಮುದ್ರದ ಮಧ್ಯೆ ಸುಣ್ಣದಕಲ್ಲಿನ ಗುಡ್ಡಗಳು ನೆಟ್ಟಗೆ ಎದ್ದು ನಿಂತಿವೆ. ನಮ್ಮ ಯಾಣದ ಬಂಡೆಗಳನ್ನು ತೊಳೆದು ನೀರಲ್ಲಿ ನಿಲ್ಲಿಸಿದ ಹಾಗೆ. ಆದರೆ ಒಂದು ಮಾತು. ನೀರಿನ ಇಳಿತ ಎಷ್ಟು ಹೊತ್ತಿಗೆ, ಭರತ ಅಂದರೆ ಉಬ್ಬರ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳದೆ ಅಲ್ಲಿ ಮರಳಿನ ಮೇಲೆ ದೂರ ಹೋಗಬೇಡಿ. ಯಾಕೆ ಅಂತ ಹೇಳುತ್ತೇನೆ ಕೇಳು.

ಗೊತ್ತಲ್ಲ, ನಾವು ಹೋಗಿದ್ದು 2019ರ ಫೆಬ್ರವರಿಯಲ್ಲಿ, ನಿಮ್ಮ ಚಿಕ್ಕಪ್ಪ ರಿಟೈರ್ ಆದ ಮೇಲೆ. ಭಾರತ ಹುಣ್ಣಿಮೆ ದಿನ ಅಲ್ಲೇ ಇದ್ದೆವು. ಅವರಿಗೂ ಅವತ್ತು ಹಬ್ಬ, ಮಾಘ ಬೂಚಾ ಅಂತಾರೆ. ಸಂಜೆ ದೇವಸ್ಥಾನದಲ್ಲಿ ಮೇಣದಬತ್ತಿ ಹಿಡಿದು ಪ್ರದಕ್ಷಿಣೆ ಹಾಕುತ್ತಾರೆ. ಹಬ್ಬ ಅಂತ ಬಿಯರ್ ಮಾರಾಟ ಬಂದ್. ಚಿಕ್ಕಪ್ಪನ ಮುಖ ಹೇಗಿತ್ತು ಅಂತ ಬೇರೆ ಹೇಳಬೇಕಾ?

ಮಾರನೇ ದಿನ ಮಧ್ಯಾಹ್ನದ ಮೇಲೆ ಆವೊ ನಾಂಗ್ ಬೀಚಿನಿಂದ ದೋಣಿ ಮಾಡಿಕೊಂಡು ಹೊರಟೆವು. ಲಾಂಗ್‌ಟೇಲ್ ಅಂತಾರಲ್ಲ, ಅದು. ಹಿಂದೆ ಯಾವುದೋ ಗಾಡಿಯ ಇಂಜಿನ್ನೇ ಕೂರಿಸಿರುತ್ತಾರೆ, ಅದಕ್ಕೆ ಉದ್ದನೆ ಕೋಲು, ಕೋಲಿನ ತುದಿಗೆ ಫ್ಯಾನು. ಶಬ್ದ ಹಿಟ್ಟಿನ ಗಿರಣಿ ತರ. ಮೂತಿಗೆ ಬಣ್ಣಬಣ್ಣದ ಬಟ್ಟೆ, ಹೂವಿನ ಹಾರ. ಆ ಮೂತಿಯ ಮೇಲೆ ಕಾಲಿಡಬಾರದು, ದೋಣಿ ಕಾಯುವ ತಾಯಿ ಅಲ್ಲಿರುತ್ತಾಳೆ, ಮೇ ಯಾ ನಾಂಗ್ ಅಂತ. ಮಕ್ಕಳಿಗೆ ಹೇಳಿ ಕರೆದುಕೊಂಡು ಹೋಗು.

ಮೊದಲು ಪೋಡಾ ದ್ವೀಪ. ಅದು ಚೆನ್ನಾಗಿದೆ, ನೆರಳಿದೆ, ಅಷ್ಟೇ. ಆಮೇಲೆ ಟಪ್ ದ್ವೀಪ. ಅಲ್ಲಿಯದೇ ಕಥೆ. ಟಪ್, ಪಕ್ಕದಲ್ಲಿ ಮೋರ್ ಅಂತ ಒಂದು ಚಿಕ್ಕದು, ಆಚೆ ಕೋಳಿ ದ್ವೀಪ. ಭರತದಲ್ಲಿ ಮೂರೂ ಬೇರೆ ಬೇರೆ, ಮಧ್ಯೆ ಸಮುದ್ರ. ಇಳಿತ ಆದಾಗ ಮಧ್ಯದ ಮರಳು ಮೇಲೆ ಬಂದು ಮೂರೂ ಒಂದಾಗುತ್ತವೆ. ಥಲೇ ವೇಕ್ ಅಂತಾರೆ, ಸೀಳಿದ ಸಮುದ್ರ ಅಂದ ಹಾಗೆ. ಬಿಳಿ ಮರಳು, ಎರಡೂ ಕಡೆ ಹಸಿರು ನೀರು, ನಡುವೆ ನಾವು. ನೋಡಲು ಎಷ್ಟು ಚೆಂದ ಅಂದರೆ ಬುದ್ಧಿ ಕೆಲಸ ಮಾಡುವುದಿಲ್ಲ.

ದೋಣಿಯವನು ಕೈಯಲ್ಲಿ ಗಡಿಯಾರ ತೋರಿಸಿ, ಬೇಗ ಬೇಗ ಅಂದ. ನಾವು ಕೇಳಬೇಕಲ್ಲ! ನಾನು ಮರವಂತೆ ನೀರಲ್ಲಿ ಆಡಿ ಬೆಳೆದವಳು, ನನಗೆ ಸಮುದ್ರ ಹೇಳಿಕೊಡುತ್ತಾನಾ ಇವನು ಅಂತ. ನಮ್ಮ ಕಡೆ ಇಳಿತ ಅಂದರೆ ನೀರು ನಾಲ್ಕು ಹೆಜ್ಜೆ ಹಿಂದೆ ಹೋಗುತ್ತೆ, ನಾಲ್ಕು ಹೆಜ್ಜೆ ಮುಂದೆ ಬರುತ್ತೆ. ಅಲ್ಲಿ ಹಾಗಲ್ಲ. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಆಳೆತ್ತರಕ್ಕೂ ಜಾಸ್ತಿ ಏರಿಳಿಯುತ್ತೆ.

ಚಪ್ಪಲಿ ಎರಡು ಜೊತೆ, ಟವೆಲ್ಲು, ನನ್ನ ಬಿದಿರಿನ ಟೋಪಿ, ಎಲ್ಲ ಟಪ್ ಕಡೆ ಮರಳಿನ ಮೇಲಿಟ್ಟು ಹೊರಟೆವು. ಚಿಕ್ಕಪ್ಪನಿಗೆ ಕೋಳಿ ದ್ವೀಪದ ಕೋಳಿ ತಲೆ ತರ ಕಾಣುವ ಬಂಡೆಯ ಫೋಟೋ ಬೇಕಿತ್ತು. ಆ ತಲೆ ದ್ವೀಪದ ಇನ್ನೊಂದು ತುದಿಯಲ್ಲಿದೆ, ದೋಣಿಯಲ್ಲಿ ಕೂತೇ ನೋಡಬೇಕು. ನಡೆದುಕೊಂಡು ಹೋದರೆ ಬರೀ ಬಂಡೆ. ಅದು ಅವರಿಗೆ ಅಲ್ಲಿ ತಲುಪಿದ ಮೇಲೆ ಗೊತ್ತಾಯಿತು. ಆದರೂ ಆ ಕಡೆ ಒಂದು ಫೋಟೋ, ಈ ಕಡೆ ಒಂದು ಫೋಟೋ, ನಾನು ಸೆರಗು ಹಾರಿಸಿಕೊಂಡು ಒಂದು. ಹೊತ್ತು ಇಳಿಯುತ್ತಿತ್ತು. ಬೇರೆ ದೋಣಿಗಳು ಒಂದೊಂದೇ ಹೊರಟವು. ಜನ ಕಡಿಮೆ ಆಯಿತು ಅಂತ ನಾವು ಖುಷಿ ಪಟ್ಟೆವು ನೋಡು!

ವಾಪಸ್ ಹೊರಟಾಗ ಮರಳಿನ ಮೇಲೆ ನೀರು ತೆಳ್ಳಗೆ ಹರಡಿತ್ತು. ದೋಸೆ ಕಾವಲಿ ಮೇಲೆ ಎಣ್ಣೆ ಹರಡುತ್ತಲ್ಲ, ಹಾಗೆ. ಪಾದ ಮುಳುಗಲಿಲ್ಲ. ಹತ್ತು ಹೆಜ್ಜೆ ಹೋದೆವೋ ಇಲ್ಲವೋ, ಎಡಗಡೆಯಿಂದ ಒಂದು ಸಣ್ಣ ಅಲೆ, ಬಲಗಡೆಯಿಂದ ಒಂದು. ಎರಡೂ ನನ್ನ ಕಾಲ ಹತ್ತಿರ ಬಂದು ಚಪ್ಪಾಳೆ ತಟ್ಟಿದ ಹಾಗೆ ಸೇರಿಕೊಂಡವು. ಆ ಶಬ್ದ ಇವತ್ತಿಗೂ ನೆನಪಿದೆ. ಆಮೇಲೆ ಮಂಡಿ. ಆಮೇಲೆ ಸೀರೆ ಒದ್ದೆ ಆಗಿ ಕಾಲಿಗೆ ಸುತ್ತಿಕೊಂಡಿತು. ಹೌದು, ಸೀರೆ ಉಟ್ಟಿದ್ದೆ, ನಗಬೇಡಿ. ನೀರು ಸೊಂಟಕ್ಕೆ ಬಂದಾಗ ಅದು ನಿಂತ ನೀರಲ್ಲ, ಅಡ್ಡ ಎಳೆಯುತ್ತೆ. ಕಾಲ ಕೆಳಗಿನ ಮರಳು ಜಾರಿ ಹೋಗುತ್ತೆ. ಚಿಕ್ಕಪ್ಪ ಫೋನ್ ಮೇಲೆತ್ತಿ ಹಿಡಿದುಕೊಂಡಿದ್ದರು, ನನ್ನ ಕೈ ಬಿಟ್ಟು. ಅದನ್ನೂ ನೆನಪಿಟ್ಟಿದ್ದೇನೆ.

ಆ ದೋಣಿಯವನೇ ಹಗ್ಗ ಕಟ್ಟಿದ ಲೈಫ್ ಜಾಕೆಟ್ ಹಿಡಿದು ಇಳಿದು ಬಂದ. ಒಂದು ಮಾತಾಡಲಿಲ್ಲ. ನನ್ನ ಮೊಣಕೈ ಹಿಡಿದು ಎಳೆದುಕೊಂಡು ಹೋದ, ದನ ಹೊಡೆದುಕೊಂಡು ಹೋದ ಹಾಗೆ. ದೋಣಿ ಹತ್ತಿ ತಿರುಗಿ ನೋಡಿದರೆ ಮರಳಿನ ಗುರುತೇ ಇಲ್ಲ. ಮೂರು ದ್ವೀಪ ಬೇರೆ ಬೇರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ. ನನ್ನ ಟೋಪಿ ದೂರದಲ್ಲಿ ತೇಲುತ್ತಿತ್ತು. ನಾಲ್ಕು ಚಪ್ಪಲಿಯಲ್ಲಿ ಒಂದು ಸಿಕ್ಕಿತು, ಚಿಕ್ಕಪ್ಪನ ಎಡಗಾಲಿಂದು. ಪಾಸ್‌ಪೋರ್ಟ್ ಸೊಂಟದ ಚೀಲದಲ್ಲಿತ್ತು, ನೆನೆದು ಹಪ್ಪಳ ಆಗಿತ್ತು. ಹೋಟೆಲಿನಲ್ಲಿ ಹೇರ್ ಡ್ರೈಯರ್ ಹಿಡಿದು ಒಂದೊಂದೇ ಹಾಳೆ ಒಣಗಿಸಿದೆ.

ಅದಕ್ಕೇ ಹೇಳುವುದು. ಇಳಿತ, ಭರತದ ಹೊತ್ತು ಕೇಳದೆ ಆ ಮರಳ ದಾರಿಗೆ ಕಾಲಿಡಬೇಡಿ. ನಿನ್ನೆ ನೋಡಿದ ಹೊತ್ತು ಇವತ್ತಿಗೆ ಆಗುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಇನ್ನೊಂದು, ಇಳಿತ ಆದ ಮೇಲೆ ಮೊದಲ ಒಂದು ಗಂಟೆ ನೀರು ಸುಮ್ನೆ ಇದ್ದ ಹಾಗೆ ಕಾಣುತ್ತೆ. ಮೂರನೇ ಗಂಟೆ, ನಾಲ್ಕನೇ ಗಂಟೆಗೆ ಓಡಿಕೊಂಡು ಬರುತ್ತೆ. ನಾವು ಮೋಸ ಹೋಗಿದ್ದೇ ಅಲ್ಲಿ.

ಆ ಒಂದು ಚಪ್ಪಲಿ ಕಥೆ ಇಟ್ಟುಕೊಂಡು ನೀವೆಲ್ಲ ಎಷ್ಟು ನಕ್ಕಿದ್ದೀರಿ. ಪ್ರತಿ ಮದುವೆಯಲ್ಲೂ ಭಾವ ಊಟಕ್ಕೆ ಕೂತ ಕೂಡಲೇ, ಚಪ್ಪಲಿ ಹುಷಾರು, ಭರತ ಬಂತು ಅಂತಾರೆ. ನಾನು ಸಾಯುತ್ತಿದ್ದೆ, ಇವರಿಗೆ ಹಾಸ್ಯ. ಇರಲಿ. ಆದರೆ ಇವತ್ತು ಮಾತು ಬಂತು, ಹೇಳಿಬಿಡುತ್ತೇನೆ. ಆ ಪ್ಯಾಕೇಜು ನಾಲ್ಕು ಜನರ ಲೆಕ್ಕದಲ್ಲಿ ಆಗಿದ್ದು. ನಾವಿಬ್ಬರು, ಅಕ್ಕ, ಭಾವ. ಹೊರಡಲು ಒಂದು ವಾರ ಇದೆ ಅನ್ನುವಾಗ ಭಾವನಿಗೆ ರಜೆ ಸಿಗಲಿಲ್ಲ ಅಂತ ಅಕ್ಕ ಫೋನ್ ಮಾಡಿದಳು. ಸರಿ ಅಂದೆ. ದುಡ್ಡು ವಾಪಸ್ ಬರಲಿಲ್ಲ, ಏಜೆಂಟ್ ಫೋನೇ ಎತ್ತಲಿಲ್ಲ. ಅದರ ಬಗ್ಗೆ ನಾನು ಒಂದು ದಿನ ಬಾಯಿ ಬಿಟ್ಟಿದ್ದೇನಾ? ಆದರೆ ಅದೇ ವಾರ, ನಾನು ಹೋಟೆಲಿನಲ್ಲಿ ಪಾಸ್‌ಪೋರ್ಟ್ ಒಣಗಿಸುತ್ತಾ ಕೂತಿದ್ದಾಗ, ಅಕ್ಕನ ಸ್ಟೇಟಸ್‌ನಲ್ಲಿ ಧರ್ಮಸ್ಥಳದ ಫೋಟೋ. ಭಾವನೂ ಇದ್ದಾರೆ, ಪಂಚೆ ಉಟ್ಟುಕೊಂಡು. ಮಂಜುನಾಥನ ಹತ್ತಿರ ಹೋಗಲು ರಜೆ ಸಿಗುತ್ತೆ, ತಂಗಿಯ ಜೊತೆ ಬರಲು ಸಿಗುವುದಿಲ್ಲ. ದೇವರ ವಿಷಯ, ಏನೂ ಹೇಳುವ ಹಾಗಿಲ್ಲ.

ಅಕ್ಕಾ, ನೀನೂ ಇದನ್ನು ಓದುತ್ತಿದ್ದೀಯ ಅಂತ ಗೊತ್ತು, ನೀಲಿ ಟಿಕ್ ಬರುತ್ತೆ. ಆಗ ನಿನ್ನ ಮಂಡಿ ಗಟ್ಟಿ ಇತ್ತು. ಕಟೀಲಿಗೆ ನಡೆದುಕೊಂಡು ಹೋದವಳು ನೀನು. ಆಗ ಬಾ ಅಂದರೆ ಬರಲಿಲ್ಲ, ಈಗ ಮಂಡಿ ಹಿಡಿದುಕೊಂಡು...

ಅಯ್ಯೋ, ಮಂಡಿ! ಪುಟ್ಟೀ, ನೀನು ಕೇಳಿದ್ದೇ ಅದು ಅಲ್ವಾ. ನಾನು ಎಲ್ಲಿಗೋ ಹೋದೆ.

ಕೇಳು. ರೈಲೇ ಅನ್ನುವ ಜಾಗ ನೋಡದೆ ಬರಬೇಡಿ. ಅದು ದ್ವೀಪ ಅಲ್ಲ, ನೆಲವೇ. ಆದರೆ ಸುತ್ತ ಬಂಡೆಗೋಡೆ, ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಎಲ್ಲರೂ ಆವೊ ನಾಂಗ್‌ನಿಂದ ಹೋಗುತ್ತಾರೆ. ಅಲ್ಲಿ ನೀರಿಗಿಳಿದು ದೋಣಿಯ ಪಕ್ಕದ ಸಣ್ಣ ಏಣಿ ಹತ್ತಬೇಕು, ಅಲೆಗೆ ದೋಣಿ ಕುಣಿಯುತ್ತಿರುತ್ತೆ. ಅಕ್ಕನಿಂದ ಆಗುವುದಿಲ್ಲ. ನೀವು ಆವೊ ನಾಮ್ ಮಾವೊ ಅನ್ನುವ ದೋಣಿಕಟ್ಟೆಯಿಂದ ರೈಲೇಯ ಪೂರ್ವದ ಕಡೆಗೆ ಹೋಗಿ. ಭರತದ ಹೊತ್ತಿಗೆ ಹೋದರೆ ನೇರ ಕಟ್ಟೆಯಿಂದ ದೋಣಿ, ದೋಣಿಯಿಂದ ಕಟ್ಟೆ. ನಮಗೆ ಪಾದ ಒದ್ದೆ ಆಗಲಿಲ್ಲ. ಇಳಿತದಲ್ಲಿ ಆ ಪೂರ್ವದ ಕಡೆ ಬರೀ ಕೆಸರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ. ಅಲ್ಲಿಂದ ಪಶ್ಚಿಮದ ಬೀಚಿಗೆ ಸಮತಟ್ಟು ದಾರಿ, ಅಕ್ಕ ನಿಧಾನಕ್ಕೆ ನಡೆಯಬಹುದು. ಪಕ್ಕದ ಫ್ರಾ ನಾಂಗ್ ಬೀಚಿನ ಗುಹೆಯಲ್ಲಿ ದೇವಿಗೆ ಮೀನುಗಾರರು ಹರಕೆ ಒಪ್ಪಿಸುತ್ತಾರೆ. ಏನು ಹರಕೆ ಅಂತ ಅಲ್ಲೇ ನೋಡಿ, ಮರದ್ದು, ರಾಶಿ ಇದೆ. ಮಕ್ಕಳು ಅದೇನು ಅಂತ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಂಡಿರು. ಅಲ್ಲಿ ಮಂಗಗಳೂ ಇವೆ, ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಬೇಡ.

ಮಾಯಾ ಬೇ ಅನ್ನುವ ಹೆಸರುವಾಸಿ ಬೀಚು ನಾವು ಹೋದಾಗ ಮುಚ್ಚಿತ್ತು. ಜನ ಜಾಸ್ತಿಯಾಗಿ ಹವಳ ಹಾಳಾಗಿತ್ತು ಅಂತ 2018ರ ಜೂನ್‌ನಲ್ಲಿ ಮುಚ್ಚಿದವರು 2022ರ ಜನವರಿಯಲ್ಲಿ ತೆರೆದರು. ಈಗಲೂ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಬಂದ್, ಅಕ್ಟೋಬರ್‌ನಲ್ಲಿ ತೆರೆಯುತ್ತಾರೆ. ಅಲ್ಲಿ ಈಜಲು ಬಿಡುವುದಿಲ್ಲ. ಸ್ಪೀಡ್ ಬೋಟಿನಲ್ಲಿ ಹೋಗುವುದಾದರೆ ಅಕ್ಕನನ್ನು ಹಿಂದುಗಡೆ ಕೂರಿಸು. ಮುಂದೆ ಕೂತರೆ ಒಂದೊಂದು ಅಲೆಗೂ ಸೊಂಟ ಮುರಿಯುತ್ತೆ. ಹುಲಿ ಗುಹೆ ದೇವಸ್ಥಾನಕ್ಕೆ 1,200ಕ್ಕೂ ಜಾಸ್ತಿ ಮೆಟ್ಟಿಲು. ಅಕ್ಕ ಕೆಳಗೇ ಕೈ ಮುಗಿಯಲಿ. ಬದಲಿಗೆ ಕ್ಲೋಂಗ್ ಥೋಮ್ ಕಡೆ ಬಿಸಿನೀರಿನ ಝರಿ ಇದೆ, ಕಲ್ಲಿನ ಗುಂಡಿಗಳಲ್ಲಿ ಕೂತುಕೊಳ್ಳಬಹುದು. ಜಾರುತ್ತೆ, ಕೈ ಹಿಡಿದು ಕೂರಿಸು. ಕೂತ ಮೇಲೆ ಅವಳು ಏಳುವುದಿಲ್ಲ, ಬರೆದಿಟ್ಟುಕೋ.

ಮಕ್ಕಳ ವಿಷಯ. ಅಕ್ಟೋಬರ್ ಅಂದರೆ ಅಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ನಮ್ಮ ಕರಾವಳಿಗೆ ಹೊಡೆಯುವ ಅದೇ ನೈರುತ್ಯ ಗಾಳಿ ಅಲ್ಲಿಗೂ ಹೊಡೆಯುತ್ತೆ. ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ಪಾದ ಅದ್ದುವುದೂ ಬೇಡ. ದೋಣಿ ಇಲ್ಲ ಅಂದರೆ ಜಗಳ ಆಡಬೇಡಿ, ಒಂದು ದಿನ ಜಾಸ್ತಿ ಕೈಯಲ್ಲಿಟ್ಟುಕೊಂಡು ಪ್ಲಾನ್ ಮಾಡಿ. ಟೂರಿಸ್ಟ್ ಪೊಲೀಸ್ ನಂಬರ್ 1155, ಎಲ್ಲರ ಫೋನಲ್ಲೂ ಹಾಕು.

ಊಟಕ್ಕೆ ಚಿಂತೆ ಇಲ್ಲ. ನಮ್ಮ ನವರಾತ್ರಿ ಹೊತ್ತಿಗೇ ಹೆಚ್ಚಿನ ವರ್ಷ ಅವರಿಗೆ ಸಸ್ಯಾಹಾರದ ಹಬ್ಬ ಬರುತ್ತೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದ ಅಂಗಡಿಗೆ ಹೋಗಿ, ಜೇ ಅಂತ ಕೇಳಿ. ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಬೇರೆ ಕಡೆ ಬರೀ ವೆಜ್ ಅಂದರೆ ಮೀನಿನ ಸಾಸ್ ಹಾಕಿಬಿಡುತ್ತಾರೆ.

ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, 2025ರ ಮೇ ತಿಂಗಳಿಂದ ಬಂದಿದೆ. ಅಕ್ಕನಿಗೂ ಮಕ್ಕಳಿಗೂ ಬೇರೆ ಬೇರೆ. ಅದು ಫ್ರೀ. ದುಡ್ಡು ಕೇಳುವ ಸೈಟ್ ಕಂಡರೆ ಮುಚ್ಚಿಬಿಡು.

ನೀನು ತಾರೀಖು ಹಾಕಿಲ್ಲ ನೋಡು. ದ್ವೀಪಕ್ಕೆ ಹೋಗುವ ದಿನ ಯಾವುದು ಅಂತ ಹಾಕು, ಪಂಚಾಂಗ ಇಲ್ಲೇ ಗೋಡೆಯಲ್ಲಿದೆ. ಆಯುಧಪೂಜೆ ಆಸುಪಾಸು ಆದರೆ ಏರಿಳಿತ ಕಡಿಮೆ, ಆ ಮರಳ ದಾರಿ ಪೂರ್ತಿ ಮೇಲೆ ಬರುತ್ತೋ ಇಲ್ಲವೋ. ಶೀಗಿ ಹುಣ್ಣಿಮೆ ಹತ್ತಿರ ಆದರೆ ದೋಣಿಯವನನ್ನು ಎರಡು ಸಲ ಕೇಳಿಯೇ ಇಳಿಯಬೇಕು. ಮತ್ತೆ ಭಾವನಿಗೆ ಹೇಳು, ಚಪ್ಪಲಿ ದೋಣಿಯಲ್ಲೇ ಬಿಡಲಿ.