ಹಳೆಯ ಪಿಕಪ್‌ನ ಲೋಡ್ ಬಾಡಿಯ ಅಂದವನ್ನು ಮರಳಿಸುವುದು ಹೇಗೆ?

ಪ್ರಶ್ನೆ: ಪೆರ್ಲದ ಅಡಿಕೆ ಬೆಳೆಗಾರ

ಮಾನ್ಯರೇ, ನಮ್ಮ ಮನೆಯ ಬೊಲೆರೊ ಪಿಕಪ್‌ಗೆ ಎಂಟು ವರ್ಷ ದಾಟಿದೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಕ್ಯಾಬಿನ್‌ನ ಬಣ್ಣವೂ ಅಷ್ಟಾಗಿ ಮಾಸಿಲ್ಲ. ಆದರೆ ಹಿಂದಿನ ಲೋಡ್ ಬಾಡಿ ಮಾತ್ರ ಬೇರೆಯೇ ಗಾಡಿಯಿಂದ ಕಳಚಿ ತಂದು ಜೋಡಿಸಿದ ಹಾಗೆ ಕಾಣುತ್ತದೆ. ಕೆಂಪುಕಲ್ಲು, ಹಟ್ಟಿಗೊಬ್ಬರ, ಪೊಟ್ಯಾಷ್ ಚೀಲ, ಅಡಿಕೆ ಗೋಣಿ, ಮಳೆಗಾಲದಲ್ಲಿ ಔಷಧಿಯ ಡ್ರಮ್ ಎಲ್ಲವನ್ನೂ ಹೊತ್ತು ಅದರ ತಳದ ಬಣ್ಣ ಬಹುಪಾಲು ಹೋಗಿದೆ. ಗೀರು ಬಿದ್ದಲ್ಲೆಲ್ಲ ತುಕ್ಕಿದೆ, ಮುಂದಿನ ಎರಡು ಮೂಲೆಗಳಲ್ಲಿಯೂ ಹಿಂಬಾಗಿಲಿನ ತಿರುಗಣೆಗಳ ಬಳಿಯೂ ತಗಡು ಪದರು ಪದರಾಗಿ ಏಳುತ್ತಿದೆ. ಒಂದು ವರ್ಕ್‌ಶಾಪಿನವರು ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣದ ಅಡಿಗೆ ಬಳಿಯುವ ಮೊದಲ ಲೇಪ) ಬಳಿದು ಮೇಲೆ ಇನಾಮಲ್ ಬಣ್ಣ ಹೊಡೆದರೆ ಸಾಕು ಎಂದರು. ಇನ್ನೊಬ್ಬರು ಬಣ್ಣವೇ ಬೇಡ, ಒಳಗೆ ಹಾಸುವ ಪ್ಲಾಸ್ಟಿಕ್ ಹೊದಿಕೆ, ಅಂದರೆ ಲೈನರ್ ಕೂರಿಸಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂದರು. ನೋಟವೂ ಸುಧಾರಿಸಬೇಕು, ಕೆಲಸವೂ ನಿಲ್ಲಬಾರದು ಎನ್ನುವವರು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಕುಂಬಳೆಯ ಟಿಂಕರಿಂಗ್ ಕೆಲಸಗಾರ

ಎರಡನ್ನೂ ಈಗಲೇ ಮಾಡಿಸಬೇಡಿ. ಮೊದಲು ಒಳಗಿರುವ ಮ್ಯಾಟ್, ಹಲಗೆ, ಕೊಂಡಿಗಳನ್ನೆಲ್ಲ ಬಿಚ್ಚಿ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಸಿ. ಕೆಂಪುಕಲ್ಲಿನ ಕೆಂಪೂ ಕಬ್ಬಿಣದ ಆಕ್ಸೈಡಿನಿಂದಲೇ ಬಂದದ್ದಾದ್ದರಿಂದ ಅದರ ಹುಡಿ ಯಾವುದು, ತುಕ್ಕು ಯಾವುದು ಎಂದು ತೊಳೆಯದೆ ಹೇಳಲಾಗದು. ನೀರು ಇಳಿಯುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ. ಮೂಲೆಗಳು ಮೊದಲು ಕೊಳೆಯುವುದು ಸಾಮಾನ್ಯವಾಗಿ ಅಲ್ಲಿ ಗೊಬ್ಬರ ಕಟ್ಟಿಕೊಂಡು ನೀರು ನಿಲ್ಲುವುದರಿಂದ. ಬಳಿಕ ಪದರು ಎದ್ದ ಕಡೆಗಳಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟಣ್ ಎಂದರೆ ತಗಡು ಉಳಿದಿದೆ. ಮಂಕಾದ ಸದ್ದು ಬಂದರೆ ತುದಿಯಿಂದ ಒತ್ತಿ ನೋಡಿ, ತೂತಾದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು. ತೂತಿಗೆ ಪುಟ್ಟಿ ತುಂಬುವ ಕೆಲಸಕ್ಕೆ ಒಪ್ಪಬೇಡಿ, ಏಕೆಂದರೆ ಪುಟ್ಟಿ ನೀರನ್ನು ಹೀರಿಕೊಂಡು ಹಿಂದಿನಿಂದಲೇ ತುಕ್ಕನ್ನು ಬೆಳೆಸುತ್ತದೆ. ಬೆಸುಗೆ ಹಾಕಿದ ಜಾಗದ ಅಡಿಭಾಗದಲ್ಲಿಯೂ ಬಣ್ಣ ಸುಟ್ಟಿರುತ್ತದೆ, ಅದನ್ನು ಹಲವರು ಮರೆಯುತ್ತಾರೆ.

ಉಜ್ಜುವ ಮೊದಲು ಎಣ್ಣೆ, ಗ್ರೀಸಿನ ಅಂಶವನ್ನು ಥಿನ್ನರ್ ಬಟ್ಟೆಯಿಂದ ತೆಗೆಯಬೇಕು. ಇಲ್ಲವಾದರೆ ಉಜ್ಜಿದಷ್ಟೂ ಜಿಡ್ಡು ಗೀರುಗಳಿಗೆ ಸೇರುತ್ತದೆ. ಗ್ರೈಂಡರಿಗೆ ತಂತಿಯ ಬ್ರಷ್ ಹಾಕಿ ಸಡಿಲ ತುಕ್ಕನ್ನು ಕಿತ್ತು, 80ರ ಒರಟು ಎಮರಿ ಕಾಗದದಿಂದ ಬರಿ ಲೋಹ ಕಾಣುವವರೆಗೆ ಉಜ್ಜಿ, ಹಳೆಯ ಬಣ್ಣದ ಅಂಚುಗಳನ್ನು ಅದಕ್ಕಿಂತ ನಯವಾದ 180ರಲ್ಲಿ ಇಳಿಜಾರಾಗುವಂತೆ ಸವೆಸಬೇಕು. ಕುಳಿಗಳ ಆಳದಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣವಿದೆ. ಅದನ್ನು ಹಚ್ಚಿದ ಮೇಲೆ ತೊಳೆಯಬೇಕೇ ಬೇಡವೇ ಎಂಬುದನ್ನು ಡಬ್ಬಿಯ ಮೇಲೆಯೇ ಓದಿಕೊಳ್ಳಿ.

ಇನ್ನು ಬಣ್ಣದ ವಿಷಯ. ರೆಡ್ ಆಕ್ಸೈಡ್ ಒಂದನ್ನೇ ನಂಬುವಂತಿಲ್ಲ, ಅದರ ಪದರಿನೊಳಗೆ ತೇವ ಇಳಿಯುತ್ತದೆ. ಎರಡು ಡಬ್ಬಿಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಬರಿ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತದೆ, ನೀರನ್ನೂ ತಡೆಯುತ್ತದೆ. ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹಾಕಿಸಿ. ಪಿಯು ಗಟ್ಟಿಗೊಳಿಸುವ ದ್ರವದಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುವುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯಂಗಳದಲ್ಲಿ ಸ್ಪ್ರೇ ಮಾಡುವ ಸಾಹಸ ಬೇಡ. ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣಹವೆಯೇ ಒಳ್ಳೆಯದು. ಮಳೆಗಾಲದ ತೇವದಲ್ಲಿ ಉಜ್ಜಿದ ಲೋಹ ಪ್ರೈಮರ್ ಬೆರೆಸುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ.

ಉತ್ತರ: ಮುಳ್ಳೇರಿಯದ ಬೆಳೆಗಾರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಮ್ಮ ಕಡೆಯ ಗಾಡಿಗಳ ತಳ ಇಷ್ಟು ಬೇಗ ಕೆಡುವುದಕ್ಕೆ ಇನ್ನೊಂದು ಕಾರಣವಿದೆ, ಅದು ನಿಮ್ಮ ಪ್ರಶ್ನೆಯ ‘ಔಷಧಿಯ ಡ್ರಮ್’ ಎಂಬ ಮಾತಿನಲ್ಲಿಯೇ ಅಡಗಿದೆ. ಅಡಿಕೆಯ ಕೊಳೆರೋಗವಾದ ಮಹಾಳಿಗೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ನಾವು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಸೇರಿಸುತ್ತೇವೆ. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದಿ, ಅಲಗಿನ ಮೇಲೆ ಕೆಂಬಣ್ಣ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತೇವಲ್ಲ, ಆ ಕೆಂಬಣ್ಣವೇ ತಾಮ್ರ. ಮೈಲುತುತ್ತದ ನೀರು ಕಬ್ಬಿಣವನ್ನು ಮುಟ್ಟಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಡ್ರಮ್ಮಿನಿಂದ ಚೆಲ್ಲಿದ ಮೈಲುತುತ್ತದ ನೀರು ಲೋಡ್ ಬಾಡಿಯ ಗೀರುಗಳಲ್ಲಿ ಮಾಡುವುದೂ ಇದನ್ನೇ. ಮೇಲಾಗಿ ಹಾಗೆ ಕೂತ ತಾಮ್ರ ತೇವದಲ್ಲಿ ಸುತ್ತಲಿನ ಕಬ್ಬಿಣವನ್ನು ಇನ್ನೂ ಬೇಗ ತಿನ್ನಿಸುತ್ತದೆ. ಸುಣ್ಣ ಸರಿಯಾಗಿ ಬೆರೆತ ದ್ರಾವಣದಿಂದ ಅಷ್ಟು ತೊಂದರೆಯಿಲ್ಲ, ಬರಿಯ ಮೈಲುತುತ್ತದ ನೀರೇ ಅಪಾಯ. ಆದ್ದರಿಂದ ಉಜ್ಜುವಾಗ ತಾಮ್ರದ ಛಾಯೆ ಕಂಡಲ್ಲಿ ಅದು ಪೂರ್ತಿ ಹೋಗುವವರೆಗೆ ಬಿಡಬೇಡಿ.

ಪೊಟ್ಯಾಷ್ ಕೂಡ ಸಾಧುವಲ್ಲ. ನಾವು ಹಾಕುವ ಮ್ಯೂರಿಯೇಟ್ ಎಂದರೆ ಪೊಟ್ಯಾಸಿಯಮ್ ಕ್ಲೋರೈಡ್, ಅಂದರೆ ಉಪ್ಪಿನ ಜಾತಿಯದೇ. ಹರಿದ ಚೀಲದಿಂದ ಉದುರಿದ್ದನ್ನು ಗುಡಿಸಿ, ಅದೇ ದಿನ ನೀರು ಹಾಯಿಸಬೇಕು.

ಉತ್ತರ: ಮಂಜೇಶ್ವರದ ಸಾಗಾಟದವ

ಪ್ಲಾಸ್ಟಿಕ್ ಲೈನರಿನ ಬಗ್ಗೆ ಯಾರೂ ಹೇಳಲಿಲ್ಲ. ಈಗಿರುವ ತುಕ್ಕಿನ ಮೇಲೆ ಅದನ್ನು ಕೂರಿಸುವುದು ಸಲ್ಲದು. ಗಾಡಿ ಓಡುವಾಗ ಅದು ಅಲುಗಾಡಿ ಕೆಳಗಿನ ಬಣ್ಣವನ್ನು ಸವೆಸುತ್ತದೆ, ಅಡಿಗೆ ಇಳಿದ ನೀರು ಒಣಗುವುದಿಲ್ಲ, ನಡೆಯುತ್ತಿರುವುದು ಕಣ್ಣಿಗೂ ಬೀಳುವುದಿಲ್ಲ. ಕಡಲ ಬದಿಯ ನಮಗಂತೂ ಉಪ್ಪುಗಾಳಿ ಬೇರೆ. ಹಣವಿದ್ದರೆ ಎಪಾಕ್ಸಿಯ ಮೇಲೆ ತಳಕ್ಕೆ ಮಾತ್ರ ಬೆಡ್‌ಲೈನರ್ ಎಂಬ ತರಿತರಿಯಾದ ದಪ್ಪ ಲೇಪವನ್ನು ಸ್ಪ್ರೇ ಮಾಡಿಸಿ, ಬದಿಗಳಿಗೆ ಕ್ಯಾಬಿನ್‌ನ ಬಣ್ಣವನ್ನೇ ಹಾಕಿಸಿ; ಹೊರಗಿನಿಂದ ಕಾಣುವುದು ಬದಿಗಳಷ್ಟೇ. ತರಿಯಿರುವುದರಿಂದ ಗೋಣಿಯೂ ಜಾರುವುದಿಲ್ಲ.

ಆದರೆ ಕೆಂಪುಕಲ್ಲು ಹೇರುವುದು ನಿಲ್ಲದಿದ್ದರೆ ಯಾವ ಲೇಪವೂ ಹೆಚ್ಚು ಕಾಲ ಬಾಳದು ಎಂಬುದು ನನ್ನ ಅಭಿಪ್ರಾಯ. ಕಲ್ಲಿನ ದಿನ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಸಂಜೆ ಅದನ್ನು ತೆಗೆದು ಬದಿಗೆ ಒರಗಿಸಿಡಿ. ಇನ್ನೊಂದು ಮಾತು: ಎಂಟು ವರ್ಷ ದಾಟಿದ ಸಾಗಾಟದ ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ ಆಗಬೇಕು. ಬಣ್ಣ ಹೊಡೆಯುವವರು ಪ್ರತಿಫಲನ ಪಟ್ಟಿಗಳನ್ನು ಕಿತ್ತು ಸುಮ್ಮನಾಗುವುದುಂಟು. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಪಟ್ಟಿಗಳನ್ನು ಮರಳಿ ಅಂಟಿಸಿಕೊಂಡೇ ಹೋಗಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಮೂಲೆಗಳನ್ನು ಒತ್ತಿ ನೋಡಿದೆ. ಎಡಬದಿಯದು ತೂತಾಯಿತು, ಬಲಬದಿಯದು ಗಟ್ಟಿಯಿದೆ. ಎಡಮೂಲೆಗೆ ಬೆಸುಗೆ ಹಾಕಿಸಿ, ಎಪಾಕ್ಸಿಯ ಕೆಲಸವನ್ನು ಡಿಸೆಂಬರಿಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಬೆಸುಗೆಯ ಜಾಗವನ್ನು ಹಾಗೆಯೇ ಬಿಡಬಹುದೇ?

ಉತ್ತರ: ಕುಂಬಳೆಯ ಟಿಂಕರಿಂಗ್ ಕೆಲಸಗಾರ

ಬಿಡಬೇಡಿ. ಬೆಸುಗೆಯನ್ನು ಉಜ್ಜಿದ ದಿನವೇ ಒಳಗೂ ಅಡಿಗೂ ಎಪಾಕ್ಸಿಯ ಒಂದು ಕೋಟ್ ಹಾಕಿಸಿ. ಅಷ್ಟು ಸಣ್ಣ ಜಾಗಕ್ಕೆ ಬ್ರಷ್ ಸಾಕು. ಡಿಸೆಂಬರಿನಲ್ಲಿ ಅದರ ಹೊಳಪು ಹೋಗುವಷ್ಟು ಉಜ್ಜಿಕೊಂಡು ಉಳಿದ ಭಾಗದ ಜೊತೆಗೇ ಮುಂದಿನ ಕೋಟ್ ಹಾಕಿಸಬಹುದು.