‘ಬಾಂಡ್ ಪಿಸ್ತೂಲು’ ಅಂತ ಮಾರೋದು ನಿಜಕ್ಕೂ ಯಾವ ಪಿಪಿಕೆ?

ಗೂಢಚಾರಪ್ರಿಯ:
ವಿದೇಶದ ಹರಾಜು ಪಟ್ಟಿಗಳಲ್ಲಿ ‘ವಾಲ್ಥರ್ ಪಿಪಿಕೆ/ಎಸ್, ಜೇಮ್ಸ್ ಬಾಂಡ್ ಪಿಸ್ತೂಲು’ ಅನ್ನೋ ಒಕ್ಕಣೆ ಮತ್ತೆ ಮತ್ತೆ ಕಾಣುತ್ತೆ. ವಾಲ್ಥರ್ ಜರ್ಮನ್ ಕಂಪನಿ, ಪಿಪಿಕೆ ಅದರ ಪುಟ್ಟ ಪಿಸ್ತೂಲು. 1958ರ ‘ಡಾ. ನೋ’ ಕಾದಂಬರಿಯಲ್ಲಿ ಲೇಖಕ ಇಯಾನ್ ಫ್ಲೆಮಿಂಗ್ ಬಾಂಡ್ ಕೈಗೆ ಕೊಟ್ಟದ್ದು ಇದೇನಾ? ಯಾವ ಕಾಲದ್ದು ಅಂತ ಗುರುತು ಹಿಡಿಯೋದು ಹೇಗೆ?

ಹಳೆಕಬ್ಬಿಣ:
ಅಲ್ಲವೇ ಅಲ್ಲ. ಪಿಪಿಕೆ/ಎಸ್ ಹುಟ್ಟಿದ್ದೇ ಅಮೆರಿಕದ 1968ರ ಬಂದೂಕು ಕಾನೂನಿನಿಂದ. ಆಮದಿಗೆ ಬೇಕಾದ ಅಳತೆಗೆ ಪಿಪಿಕೆ ಎತ್ತರ ಸಾಲಲಿಲ್ಲ. ಹಾಗಾಗಿ ಅದರ ದೊಡ್ಡಣ್ಣ, ವಾಲ್ಥರಿನದೇ ಪಿಪಿ ಮಾದರಿಯ ಫ್ರೇಮಿನ (ಹಿಡಿ ಇರುವ ಕೆಳಭಾಗ) ಮೇಲೆ ಪಿಪಿಕೆ ಸ್ಲೈಡ್ (ಹಿಂದೆಮುಂದೆ ಸರಿಯುವ ಮೇಲ್ಭಾಗ), ನಳಿಕೆ ಕೂರಿಸಿದರು. 7.65 ಮಿ.ಮೀ. ಗುಂಡಿನ ಮಾದರಿಯಲ್ಲಿ ಪಿಪಿಕೆ ಮ್ಯಾಗಜೀನಿಗೆ 7 ಗುಂಡು, ಪಿಪಿಕೆ/ಎಸ್‌ಗೆ 8.

ಹಿಡಿಯ ಬೆನ್ನು ನೋಡಿ. ಹಳೆಯ ಪಿಪಿಕೆಯಲ್ಲಿ ಅಲ್ಲಿ ಉಕ್ಕು ಇರಲ್ಲ, ಒಂದೇ ತುಂಡಿನ ಪ್ಲಾಸ್ಟಿಕ್ ಹಿಡಿ ಸುತ್ತಿಕೊಂಡಿರುತ್ತೆ. ಪಿಪಿಕೆ ಅಂತ ಬರೆದಿದ್ದೂ ಬೆನ್ನಲ್ಲಿ ಉಕ್ಕು ಇದ್ದರೆ, ಅದು 1986ರಿಂದೀಚೆ ಅಮೆರಿಕದಲ್ಲಿ ತಯಾರಾದದ್ದು.

ಎರಡನೇ ಮಹಾಯುದ್ಧಕ್ಕೆ ಮುಂಚಿನದರ ಸ್ಲೈಡ್ ಮೇಲೆ ಜ಼ೆಲ್ಲಾ-ಮೆಹ್ಲಿಸ್ (ಆಗ ವಾಲ್ಥರ್ ಕಾರ್ಖಾನೆಯಿದ್ದ ಜರ್ಮನ್ ಊರು) ವಿಳಾಸ ಇರುತ್ತೆ. 1940ರ ಏಪ್ರಿಲ್‌ವರೆಗೆ ಪರೀಕ್ಷಾ ಮುದ್ರೆ (ಗುಂಡು ಹಾರಿಸಿ ಪರೀಕ್ಷಿಸಿದ ಗುರುತು) ಕಿರೀಟದ ಕೆಳಗೆ ಎನ್ ಅಕ್ಷರ, ಆಮೇಲೆ ಹದ್ದಿನ ಕೆಳಗೆ ಎನ್. ಯುದ್ಧಾನಂತರ ಲೈಸೆನ್ಸ್ ಪಡೆದು ಮಾಡಿದ್ದು ಫ್ರಾನ್ಸಿನ ಮಾನುರಿನ್ ಕಂಪನಿ. ಅಂದರೆ 1958ಕ್ಕೆ ಹೊಂದೋದು ಹಳೆ ಜರ್ಮನ್ ತುಪಾಕಿ, ಇಲ್ಲವೇ ಮಾನುರಿನ್. ಯುದ್ಧಾನಂತರ ವಾಲ್ಥರ್ ನೆಲೆಸಿದ ಉಲ್ಮ್ ಊರಿನ ವಿಳಾಸದವು ಆಮೇಲಿನವು.

ತುಕ್ಕುಶತ್ರು:
ಮುದ್ರೆಗಿಂತ ಮೊದಲು ಅಕ್ಷರದ ಅಂಚು ನೋಡಿ. ಪಾಲಿಶ್ ಮಾಡಿ ಮತ್ತೆ ನೀಲಿ ಬಣ್ಣ ಏರಿಸಿದ್ದರೆ ಅಂಚು ಕರಗಿದ ಹಾಗಿರುತ್ತೆ. ಹಾಗಂತ ಯುದ್ಧದ ಕೊನೆಗಾಲದ ಮಾಲಿನ ಮೇಲಿನ ಒರಟು ಉಪಕರಣ ಗೀರುಗಳನ್ನು ‘ಹಾಳು’ ಅನ್ನಬೇಡಿ, ಅವು ಅಸಲಿ.

ಹಿಡಿ ಸ್ಕ್ರೂ ತೂತಿನ ಸುತ್ತ ಸೀಳುತ್ತೆ. ಹಳೆ ಪ್ಲಾಸ್ಟಿಕ್ ಕುಗ್ಗಿ ಬಿರುಸಾಗಿರುತ್ತೆ, ಬಿಗಿದಷ್ಟೂ ಬಿರುಕು ಬೆಳೆಯುತ್ತೆ. ಹದ್ದು-ಸ್ವಸ್ತಿಕ ಇರೋ ‘ಪಾರ್ಟಿ ಲೀಡರ್’ (ನಾಜಿ ಪಕ್ಷದ ನಾಯಕರ) ಹಿಡಿ ಕಂಡರಂತೂ ನಕಲಿ ಅಂತಲೇ ಶುರುಮಾಡಿ. ಚರ್ಮದ ಚೀಲದಲ್ಲಿ ಇಡಲೇಬೇಡಿ. ಚರ್ಮ ತೇವ ಹೀರುತ್ತೆ, ಹದ ಮಾಡಲು ಬಳಸಿದ ಆಮ್ಲವೂ ಸೇರಿ ಉಕ್ಕಿಗೆ ಗುಳಿ ಬೀಳುತ್ತೆ. ಮಲೆನಾಡಿನ ಮಳೆಗಾಲವಂತೂ ಕೇಳಲೇಬೇಡಿ.

ಪುಟತಿರುವಿ:
ಕಾದಂಬರಿಯಲ್ಲೇ ಒಂದು ಎಡವಟ್ಟಿದೆ. ಬಾಂಡ್‌ನ ಹಿಂದಿನ ಪಿಸ್ತೂಲು, 6.35 ಮಿ.ಮೀ. ಬೆರೆಟ್ಟಾ ಸರಿಯಿಲ್ಲ ಅಂತ 1956ರಲ್ಲಿ ಫ್ಲೆಮಿಂಗ್‌ಗೆ ಪತ್ರ ಬರೆದ ಬಂದೂಕು ತಜ್ಞ ಜೆಫ್ರಿ ಬೂತ್‌ರಾಯ್ಡ್ ಸೂಚಿಸಿದ್ದು ರಿವಾಲ್ವರ್, ಜತೆಗೆ ಬರ್ನ್ಸ್-ಮಾರ್ಟಿನ್ ಹೋಲ್ಸ್ಟರ್ (ಬಂದೂಕಿನ ಚೀಲ). ಫ್ಲೆಮಿಂಗ್ ಪಿಪಿಕೆಯನ್ನು ಅದೇ ಹೋಲ್ಸ್ಟರಿಗೆ ಸೇರಿಸಿಬಿಟ್ಟರು. ಅದರ ಸ್ಪ್ರಿಂಗ್ ಹಿಡಿಯೋದು ರಿವಾಲ್ವರಿನಲ್ಲಿ ಗುಂಡು ತುಂಬುವ ತಿರುಗು ಉರುಳೆಯನ್ನು. ಪಿಸ್ತೂಲಿಗೆ ಉರುಳೆ ಎಲ್ಲಿಂದ ಬರಬೇಕು? 1962ರ ಸಿನಿಮಾದಲ್ಲೂ ಬಾಯಲ್ಲಿ ಪಿಪಿಕೆ, ಮೇಜಿನ ಮೇಲೆ ಪಿಪಿ. ಬಾಂಡ್ ವಾಪಸ್ ಕೊಡೋ ಬೆರೆಟ್ಟಾ ಸಹ ಪುಟಾಣಿ 6.35 ಅಲ್ಲ, 1934ರ ಮಾದರಿ.

ಗೂಢಚಾರಪ್ರಿಯ:
ಹಾಗಾದರೆ ಮಾನುರಿನ್ ಹುಡುಕ್ತೀನಿ. ಭಾರತದಲ್ಲಿ ಸಂಗ್ರಹ ಸಾಧ್ಯವಾ?

ಹಳೆಕಬ್ಬಿಣ:
1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸುದಾರರಿಗೆ 2 ಬಂದೂಕಷ್ಟೇ, ಪಿತ್ರಾರ್ಜಿತದ್ದೂ ಸೇರಿ. ಮಾನುರಿನ್ ಪಕ್ಕ ಬೆರೆಟ್ಟಾ ಇಟ್ಟರೆ ಲೆಕ್ಕ ಮುಗೀತು.