ಟೈಟಾನಿಕ್‌ನಿಂದ ಬಂದದ್ದೆಲ್ಲ ‘ಕಲಾಕೃತಿ’ಯೇ? – ಒಂದು ಪದಜಿಜ್ಞಾಸೆ

ಮಾನ್ಯರೆ,

ಟೈಟಾನಿಕ್ ಹಡಗಿನ ವಸ್ತುಗಳನ್ನು ಕೂಡಿಹಾಕುವವರ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಮೂರು ವಾರಗಳಿಂದ ತೊಡಗಿದ್ದೇನೆ. ಹಿಮಬಂಡೆಯಾಗಲಿ ಜೀವರಕ್ಷಕ ದೋಣಿಯಾಗಲಿ ತೊಡಕಾಗಲಿಲ್ಲ. ಲೇಖನದ ತುಂಬ ಬರುವ ‘ಆರ್ಟಿಫ್ಯಾಕ್ಟ್’ (ಮನುಷ್ಯರು ಮಾಡಿ ಬಳಸಿದ ಹಳೆಯ ವಸ್ತು) ಎಂಬ ಪದ ಮಾತ್ರ ನನ್ನನ್ನು ಕಾಡಿತು. ನಮ್ಮ ಪತ್ರಿಕೆಗಳಲ್ಲೂ ಯಂತ್ರಾನುವಾದಗಳಲ್ಲೂ ಇದಕ್ಕೆ ‘ಕಲಾಕೃತಿ’ ಎಂದು ಸಲೀಸಾಗಿ ಬರೆಯುವುದನ್ನು ಕಂಡಿದ್ದೇನೆ. ನಾನೂ ಮೊದಲ ಕರಡಿನಲ್ಲಿ ‘ಸಮುದ್ರತಳದಿಂದ ಮೇಲೆತ್ತಿದ ಸುಮಾರು 5,500 ಕಲಾಕೃತಿಗಳು’ ಎಂದೇ ಬರೆದಿದ್ದೆ. ಅದನ್ನು ಓದಿದ ಮನೆಯವರು ‘ಅಷ್ಟೊಂದು ಚಿತ್ರಪಟಗಳನ್ನು ಆ ಹಡಗಿನಲ್ಲಿ ಸಾಗಿಸುತ್ತಿದ್ದರೇ?’ ಎಂದು ಕೇಳಿದಾಗ ಪೆನ್ನು ಕೆಳಗಿಟ್ಟೆ.

ಆ 5,500ರಲ್ಲಿ ಇರುವುದು ಊಟದ ತಟ್ಟೆ, ಔಷಧದ ಬಾಟಲಿ, ಚರ್ಮದ ಚೀಲದೊಳಗೆ ಕೊಳೆಯದೆ ಉಳಿದ ಕಾಗದಪತ್ರ, ಮ್ಯಾಂಚೆಸ್ಟರಿನ ಸುಗಂಧ ವ್ಯಾಪಾರಿಯೊಬ್ಬ ಅಮೆರಿಕಕ್ಕೆ ಒಯ್ಯುತ್ತಿದ್ದ ಮಾದರಿ ಶೀಶೆಗಳು. ಆ ಶೀಶೆಗಳನ್ನು 2000ದಲ್ಲಿ ಎತ್ತಿದಾಗ, ಎಂಬತ್ತೆಂಟು ವರ್ಷ ಉಪ್ಪುನೀರಿನಲ್ಲಿದ್ದೂ ಅವುಗಳ ಪರಿಮಳ ಹೋಗಿರಲಿಲ್ಲ. 1998ರಲ್ಲಿ ಮೇಲೆ ಬಂದ, ಸುಮಾರು 15 ಟನ್ ತೂಕದ ಹಡಗಿನ ಒಡಲಿನ ತುಂಡು ಕೂಡ ಇದೇ ಪಟ್ಟಿಗೆ ಸೇರುತ್ತದೆ. ಇವುಗಳಲ್ಲಿ ಯಾವುದನ್ನು ಕಲಾಕೃತಿ ಎನ್ನೋಣ?

‘ಕಲಾಕೃತಿ’ ಎಂದವರು ತೀರ ತಪ್ಪುದಾರಿ ಹಿಡಿದವರೆಂದು ನಾನು ಹೇಳುವುದಿಲ್ಲ. ಮೂಲ ಲ್ಯಾಟಿನ್ ಪದಗಳ ಅರ್ಥ ಕೈಚಳಕದಿಂದ ಮಾಡಿದ್ದು ಎಂದಷ್ಟೇ. ನಮ್ಮ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲೂ ಮರಗೆಲಸಕ್ಕೆ ಸ್ಥಾನವಿತ್ತು. ಆದರೆ ಇಂದಿನ ಕನ್ನಡದಲ್ಲಿ ಕಲಾಕೃತಿಯೆಂದರೆ ಚಿತ್ರ ಅಥವಾ ಶಿಲ್ಪ, ಮತ್ತು ಆ ಅರ್ಥ ಇನ್ನು ಹಿಂದಕ್ಕೆ ಸರಿಯುವಂತಿಲ್ಲ. ಅಕ್ಷರಕ್ಕೆ ಅಕ್ಷರ ಸರಿಹೊಂದುವ ಪದ ಬೇಕಾದರೆ ‘ಕೃತಕ’ ಇದೆ, ಮಾಡಲ್ಪಟ್ಟದ್ದು ಎಂದೇ ಅದರ ಅರ್ಥ. ‘ಟೈಟಾನಿಕ್‌ನ ಕೃತಕಗಳು’ ಎಂದು ಬರೆದರೆ ಮಾತ್ರ ಹರಾಜಿನವರು ನಕಲಿ ಮಾಲು ಮಾರುತ್ತಿದ್ದಾರೆಂದು ಓದುಗರು ತಿಳಿದಾರು.

ಉಳಿದ ಪದಗಳನ್ನೂ ಒಂದೊಂದಾಗಿ ಹಚ್ಚಿ ನೋಡಿದೆ. ‘ಅವಶೇಷ’ ಎಂದೊಡನೆ ಕುಸಿದ ಕಟ್ಟಡದ, ಬಿದ್ದ ವಿಮಾನದ ಚೂರುಗಳು ಕಣ್ಣಮುಂದೆ ಬರುತ್ತವೆ. ಮುರಿದ ಹಡಗಿನ ಒಡಲಿಗೆ ಅದು ಸರಿಯೇ, ಬಿರುಕೂ ಬಿಡದ ತಟ್ಟೆಗೆ ಹೊಂದುವುದಿಲ್ಲ. ‘ಪಳೆಯುಳಿಕೆ’ ಬಹಳ ಅಚ್ಚುಕಟ್ಟಾದ ಪದ, ಹಳೆಯದರ ಉಳಿಕೆ ಎಂಬ ಅರ್ಥವೂ ನಮಗೆ ಬೇಕಾದದ್ದೇ, ಆದರೆ ಅದನ್ನು ಭೂವಿಜ್ಞಾನದವರು ಕಲ್ಲಾದ ಜೀವಿಗಳಿಗಾಗಿ ತೆಗೆದುಕೊಂಡಾಯಿತು. ‘ಪ್ರಾಚ್ಯವಸ್ತು’ ಸರ್ಕಾರಿ ಮುದ್ರೆಯಿರುವ ಪದ. ಅದರಲ್ಲಿ ಒಂದು ಸೋಜಿಗವಿದೆ: ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರಿನಲ್ಲಿ ‘ಪ್ರಾಚ್ಯ’ ಎಂದರೆ ಪೂರ್ವದೇಶದ್ದು, ‘ಪ್ರಾಚ್ಯವಸ್ತು’ ಎಂಬಲ್ಲಿ ಹಳೆಯದು. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ, ಅಂದರೆ ಪಡುವಣದಿಂದ ಇನ್ನೂ ಪಡುವಣಕ್ಕೆ ಹೊರಟ ಹಡಗಿನ ಚಮಚಕ್ಕೆ ಈ ಪದವನ್ನು ಅಂಟಿಸಲು ನನಗೆ ಕೈ ಬರಲಿಲ್ಲ. ಅಂದಹಾಗೆ ನಮ್ಮ ದೇಶದ 1972ರ ಕಾಯ್ದೆ ಪ್ರಾಚೀನ ವಸ್ತುಗಳನ್ನೂ ಕಲಾನಿಧಿಗಳನ್ನೂ ಎರಡು ಬೇರೆ ವರ್ಗಗಳಾಗಿಯೇ ಕಾಣುತ್ತದೆ, ಮತ್ತು ಮೊದಲನೆಯದಕ್ಕೆ ಸಾಮಾನ್ಯವಾಗಿ ನೂರು ವರ್ಷ ತುಂಬಿರಬೇಕೆಂದು ಹೇಳುತ್ತದೆ. ಕಾಯ್ದೆ ಬೇರ್ಪಡಿಸಿದ್ದನ್ನು ಅನುವಾದಕರು ಒಂದುಮಾಡುವುದು ಸರಿಯಲ್ಲ.

‘ಮುಳುಗಡೆ ವಸ್ತು’ ಎಂದು ಗೆಳೆಯರೊಬ್ಬರು ಸೂಚಿಸಿದರು. ಸಾಗರ ತಾಲೂಕಿನ ಕಡೆಯವರಿಗೋ ಬಾಗಲಕೋಟೆಯವರಿಗೋ ‘ಮುಳುಗಡೆ’ ಎಂದರೆ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋದ ಮನೆ ಮತ್ತು ಹೊಲ. ಅಟ್ಲಾಂಟಿಕ್‌ನ ಮಾತು ಹೇಳುವಾಗ ಅವರ ಮನಸ್ಸನ್ನು ಶರಾವತಿಗೋ ಕೃಷ್ಣೆಗೋ ಒಯ್ಯುವುದು ಬೇಡವೆನಿಸಿತು.

‘ಸ್ಮರಣಿಕೆ’ಯ ಪಾಡು ಇನ್ನೂ ವಿಚಿತ್ರ. ಈಗ ಅದು ಶಾಲು, ಹಾರ, ಹಣ್ಣಿನ ಬುಟ್ಟಿಗಳ ಜೊತೆ ವೇದಿಕೆಯ ಮೇಲೆ ಕೊಡುವ ಗಾಜಿನ ಫಲಕ. ಆದರೂ ಟೈಟಾನಿಕ್ ಸಂಗ್ರಾಹಕರ ಲೋಕದಲ್ಲಿ ಈ ಅರ್ಥಕ್ಕೇ ತಕ್ಕ ವಸ್ತುವೊಂದಿದೆ. ಬದುಕುಳಿದವರನ್ನು ಹತ್ತಿಸಿಕೊಂಡ ಕಾರ್ಪೇಥಿಯಾ ಹಡಗಿನ ಕಪ್ತಾನ ಆರ್ಥರ್ ರೋಸ್ಟ್ರನ್ ಅವರಿಗೆ, ಗಂಡಂದಿರನ್ನು ಕಳೆದುಕೊಂಡ ಮೂವರು ಹೆಂಗಸರು ಕೃತಜ್ಞತೆಯಿಂದ ಟಿಫನಿ ಕಂಪನಿಯ ಚಿನ್ನದ ಜೇಬುಗಡಿಯಾರವನ್ನು ಕೊಟ್ಟಿದ್ದರು. 2024ರ ನವೆಂಬರಿನಲ್ಲಿ ಇಂಗ್ಲೆಂಡಿನ ಡಿವೈಜಸ್ ಪಟ್ಟಣದ ಹರಾಜಿನಲ್ಲಿ ಅದು 15.6 ಲಕ್ಷ ಪೌಂಡಿಗೆ ಹೋಯಿತು. ಆ ಗಡಿಯಾರ ಟೈಟಾನಿಕ್ ಹಡಗನ್ನು ಕಂಡೇ ಇಲ್ಲ! ಅದೇ ಪಟ್ಟಣದಲ್ಲಿ 2007ರಲ್ಲಿ 90,000 ಪೌಂಡಿಗೆ ಮಾರಾಟವಾದ ಬೀಗದ ಕೈಯ ಕಥೆಯೂ ಇಂಥದೇ. ಡೇವಿಡ್ ಬ್ಲೇರ್ ಎಂಬ ಅಧಿಕಾರಿಯನ್ನು ಪ್ರಯಾಣ ಹೊರಡುವ ಮೊದಲು ಬೇರೆ ಕೆಲಸಕ್ಕೆ ಹಾಕಿದಾಗ, ಕಾವಲುಗಾರರ ಕಪಾಟಿನ ಆ ಕೈ ಅವರ ಜೇಬಿನಲ್ಲೇ ಉಳಿದು ದಡ ಸೇರಿತು. ಹಡಗಿನಲ್ಲಿ ಹೋಗದೆ ಇದ್ದದ್ದೇ ಅದರ ಬೆಲೆಗೆ ಕಾರಣ. ಇಂಥವನ್ನು ಇಂಗ್ಲಿಷಿನವರು ‘ಮೆಮೊರಬೀಲಿಯಾ’ (ನೆನಪಿಗೆಂದು ಇಟ್ಟುಕೊಂಡ ವಸ್ತುಗಳು) ಎಂಬ ಚೀಲಕ್ಕೆ ಹಾಕಿ ನಿಶ್ಚಿಂತರಾಗುತ್ತಾರೆ. ನಮಗೆ ಆ ಚೀಲವಿಲ್ಲ.

ಇಷ್ಟಾದ ಮೇಲೆ ನನಗೆ ಹೊಳೆದದ್ದನ್ನು ಚರ್ಚೆಗೆ ಇಡುತ್ತೇನೆ. ನಾಮಪದವನ್ನು ಹುಡುಕುತ್ತ ಹೋದದ್ದೇ ನನ್ನ ತಪ್ಪಿರಬಹುದು. ಕನ್ನಡದ ಬಲವಿರುವುದು ಕ್ರಿಯಾಪದದಲ್ಲಿ. ‘ವಸ್ತು’ ಎಂಬ ಒಂದೇ ಪದವನ್ನು ಇಟ್ಟುಕೊಂಡು, ಅದು ಹಡಗನ್ನು ಬಿಟ್ಟು ಬಂದ ಬಗೆಯನ್ನು ಅದರ ಹಿಂದೆ ಹೇಳಿದರೆ ಸಾಕೆನಿಸುತ್ತದೆ. ದೋಣಿ ಹತ್ತಿದವರ ಜೇಬಿನಲ್ಲಿ ಬಂದದ್ದು ‘ಉಳಿದು ಬಂದ ವಸ್ತು’: 2015ರಲ್ಲಿ 88,000 ಡಾಲರಿಗೆ ಮಾರಾಟವಾದ, ಮೊದಲ ದರ್ಜೆಯ ಕಡೆಯ ಮಧ್ಯಾಹ್ನದ ಊಟದ ಪಟ್ಟಿ ಇದಕ್ಕೆ ಉದಾಹರಣೆ. ವಾದ್ಯವೃಂದದ ನಾಯಕ ವಾಲೆಸ್ ಹಾರ್ಟ್ಲಿಯ ದೇಹಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ಸಿಕ್ಕಿ, 2013ರಲ್ಲಿ 9 ಲಕ್ಷ ಪೌಂಡಿನ ಕೂಗು ಪಡೆದ ಪಿಟೀಲು ‘ತೇಲಿ ಬಂದ ವಸ್ತು’. 1985ರಲ್ಲಿ ಹಡಗು ಪತ್ತೆಯಾಗಿ, 1987ರಿಂದ ಸುಮಾರು 3,800 ಮೀಟರ್ ಆಳದಿಂದ ಯಂತ್ರದ ಕೈಗಳು ತಂದವೆಲ್ಲ ‘ಎತ್ತಿ ತಂದ ವಸ್ತು’. ಈ ಭೇದ ಕೇವಲ ಭಾಷೆಯದಲ್ಲ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ಅಟ್ಲಾಂಟಿಕ್ ಕಡಲ ಸಂಗ್ರಹಾಲಯದವರು ತೇಲಿ ಬಂದ ಕುರ್ಚಿಯನ್ನೂ ಮರದ ತುಂಡುಗಳನ್ನೂ ಪ್ರದರ್ಶಿಸುತ್ತಾರೆ, ತಳದಿಂದ ಎತ್ತಿ ತಂದವನ್ನು ಇಟ್ಟುಕೊಳ್ಳುವುದಿಲ್ಲ. ಎತ್ತುವ ಹಕ್ಕನ್ನು 1994ರಲ್ಲಿ ಅಮೆರಿಕದ ನ್ಯಾಯಾಲಯದಿಂದ ಪಡೆದ ಕಂಪನಿಯು ವಸ್ತುಗಳನ್ನು ಬಿಡಿಯಾಗಿ ಮಾರದೆ, ಕಲ್ಲಿದ್ದಲನ್ನು ಮಾತ್ರ ಚೂರುಮಾಡಿ ಜನರಿಗೆ ಮಾರಿತು. ಅಂದರೆ ಅವರ ಲೆಕ್ಕದಲ್ಲೂ ಕಲ್ಲಿದ್ದಲು ಆರ್ಟಿಫ್ಯಾಕ್ಟ್ ಅಲ್ಲ. ಆದರೂ ಅದನ್ನು ಕೊಂಡು ಮೇಜಿನ ಮೇಲಿಟ್ಟವರಿಗೆ ಅದೇ ಟೈಟಾನಿಕ್.

‘ಎತ್ತಿ ತಂದ’ ಎನ್ನುವುದಕ್ಕೆ ಹೆಚ್ಚು ಗಂಭೀರವಾದ ಪದ ಬೇಕೆಂದು ‘ಉದ್ಧರಿಸಿದ’ ಎಂದೂ ಯೋಚಿಸಿದೆ. ಮೇಲಕ್ಕೆತ್ತುವುದು ಎಂಬುದೇ ಅದರ ಮೂಲಾರ್ಥ. ಪಂಚಪಾತ್ರೆಯಿಂದ ನೀರೆತ್ತುವ ಪುಟ್ಟ ಚಮಚಕ್ಕೆ ಇಂದಿಗೂ ‘ಉದ್ಧರಣೆ’ ಎಂದೇ ಹೆಸರು. ನೀರಿನಿಂದ ಎತ್ತುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪದ ಸಿಕ್ಕೀತೇ ಎಂದು ಒಂದು ದಿನವೆಲ್ಲ ಖುಷಿಯಲ್ಲಿದ್ದೆ. ಮರುದಿನ ಓದಿದರೆ ‘ಉದ್ಧೃತ ವಸ್ತುಗಳು’ ಎಂಬುದು ಯಾರದೋ ಮಾತನ್ನು ಉಲ್ಲೇಖಿಸಿದಂತೆ ಕೇಳಿಸಿತು, ‘ಉದ್ಧಾರವಾದ ತಟ್ಟೆಗಳು’ ಎಂಬುದಂತೂ ಬೈಗುಳಕ್ಕೆ ಹತ್ತಿರವಾಯಿತು. ಕೈಬಿಟ್ಟೆ.

ಸಂಗ್ರಹಿಸುವ ಕ್ರಿಯೆಗೂ ಒಂದೇ ಪದ ಸಾಲದು. ದುರಂತದಲ್ಲಿ ಸತ್ತವರ ಪೈಕಿ 150 ಮಂದಿಯನ್ನು ಹ್ಯಾಲಿಫ್ಯಾಕ್ಸ್‌ನಲ್ಲಿ ಮಣ್ಣು ಮಾಡಿದರು. ನೆನಪಿಗೆಂದು ಬಟ್ಟೆಬರೆ ಒಯ್ಯಲು ಹವಣಿಸುವವರ ಕೈಗೆ ಸಿಗಬಾರದೆಂದು ಸತ್ತವರ ಉಡುಪುಗಳನ್ನು ಸುಡಲು ಆಜ್ಞೆಯಾಯಿತು. ಅಂದರೆ ಹಡಗು ಮುಳುಗಿ ವಾರಗಳೊಳಗೇ ಈ ಗೀಳು ಕಾಣಿಸಿಕೊಂಡಿತ್ತು. ಆ ಕೆಲಸದಲ್ಲಿದ್ದ ಪೊಲೀಸ್ ಸಾರ್ಜೆಂಟ್ ಕ್ಲಾರೆನ್ಸ್ ನಾರ್ತೋವರ್, ಹೆಸರು ತಿಳಿಯದ ಮಗುವೊಂದರ ಕಂದು ಚರ್ಮದ ಪುಟ್ಟ ಬೂಟುಗಳನ್ನು ಬೆಂಕಿಗೆ ಹಾಕಲಾರದೆ ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟರು. ಮೊಮ್ಮಗ ಅವನ್ನು 2002ರಲ್ಲಿ ಸಂಗ್ರಹಾಲಯಕ್ಕೆ ಕೊಟ್ಟರು. ಮೊದಲು ಮಗುವನ್ನು ಹದಿಮೂರು ತಿಂಗಳ ಬೇರೊಂದು ಕೂಸೆಂದು ಗುರುತಿಸಲಾಗಿತ್ತು. ಬೂಟುಗಳು ಅಷ್ಟು ಚಿಕ್ಕ ಮಗುವಿಗೆ ದೊಡ್ಡವೆಂದು ತೋರಿ ಮತ್ತೆ ಪರೀಕ್ಷೆ ನಡೆದು, 2007ರಲ್ಲಿ ಅದು ಹತ್ತೊಂಬತ್ತು ತಿಂಗಳ ಸಿಡ್ನಿ ಗುಡ್ವಿನ್ ಎಂದು ತಿಳಿಯಿತು. ಮೂಲ ಲೇಖಕರು ಈ ಪೊಲೀಸರನ್ನೂ ಲಕ್ಷಾಂತರ ಪೌಂಡ್ ಸುರಿಯುವ ಶ್ರೀಮಂತರನ್ನೂ ‘ಕಲೆಕ್ಟರ್’ ಎಂಬ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನನ್ನ ಅನುವಾದದಲ್ಲಿ ಶ್ರೀಮಂತರು ‘ಸಂಗ್ರಹಿಸಿದರು’, ಕಲ್ಲಿದ್ದಲು ಕೊಂಡವರು ‘ಕೂಡಿಟ್ಟರು’, ಸಾರ್ಜೆಂಟರು ‘ತೆಗೆದಿಟ್ಟರು’. ಮೂಲಕ್ಕೆ ಇದು ಅತಿಯಾದ ಸ್ವಾತಂತ್ರ್ಯವೆಂದು ತಿದ್ದಿದವರೊಬ್ಬರ ಆಕ್ಷೇಪ. ಕನ್ನಡದಲ್ಲಿ ಇರುವ ಭೇದವನ್ನು ಇಂಗ್ಲಿಷಿನಲ್ಲಿ ಇಲ್ಲವೆಂಬ ಕಾರಣಕ್ಕೆ ಅಳಿಸಬೇಕೇ ಎಂಬುದು ನನ್ನ ಪ್ರಶ್ನೆ.

ಕೊನೆಯದಾಗಿ ಕರಾವಳಿಯವರಲ್ಲಿ ಒಂದು ವಿನಂತಿ. ಶವಗಳನ್ನು ಹುಡುಕಲು ಹೋದ ಹಡಗುಗಳ ನಾವಿಕರು ತೇಲುತ್ತಿದ್ದ ಟೈಟಾನಿಕ್‌ನ ಮರವನ್ನು ಹೆಕ್ಕಿ ತಂದರು. ಮಿನಿಯಾ ಎಂಬ ಹಡಗಿನ ಬಡಗಿ ಅದರಿಂದ ಇಸ್ಪೀಟಾಟದ ಅಂಕ ಗುರುತಿಸುವ ಹಲಗೆಯನ್ನು ಮಾಡಿದ. ಆ ತೀರದವರಲ್ಲಿ ಅಂಥ ಮರಕ್ಕೆ ‘ರೆಕ್‌ವುಡ್’ ಎಂಬ ಪುಟ್ಟ ಹೆಸರೇ ಇದೆ. ನಾನು ಬಯಲುಸೀಮೆಯವನು, ‘ಒಡೆದ ಹಡಗಿನ ಮರ’ ಎಂದು ಮೂರು ಪದ ಕೂಡಿಸಿದ್ದೇನೆ. ಅಲೆ ದಡಕ್ಕೆ ತಂದುಹಾಕಿದ ಇಂಥ ಮರಕ್ಕೆ ಕಾರವಾರ, ಭಟ್ಕಳ, ಕುಂದಾಪುರ, ಮಲ್ಪೆಯ ಕಡೆ ಮೀನುಗಾರರು ತಮ್ಮತಮ್ಮಲ್ಲಿ ಏನೆನ್ನುತ್ತಾರೆ? ನಿಘಂಟಿಗೆ ಸೇರದ ಮಾತಾದರೂ ಅಡ್ಡಿಯಿಲ್ಲ, ಕೇಳಿದ ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.

ವಂದನೆಗಳು.